ರದ್ದಾಗದ ಒಡಂಬಡಿಕೆ: ಕ್ರೈಸ್ತರು ಒಪ್ಪಿರುವುದೆಷ್ಟು, ತಕರಾರು ಉಳಿದಿರುವುದೆಲ್ಲಿ

2025ರ ಜೂನ್‌ನಲ್ಲಿ ಅಮೆರಿಕದ ಸೆನೆಟರ್ ಟೆಡ್ ಕ್ರೂಜ್ ಅವರನ್ನು ಪತ್ರಕರ್ತ ಟಕರ್ ಕಾರ್ಲ್‌ಸನ್ ಸಂದರ್ಶಿಸಿದರು. ಇಸ್ರೇಲನ್ನು ಬೆಂಬಲಿಸಲು ಕ್ರೂಜ್ ಕೊಟ್ಟ ಕಾರಣಗಳಲ್ಲಿ ಒಂದು, ಸಂಡೇ ಸ್ಕೂಲಿನಲ್ಲಿ ಕಲಿತ ಮಾತು: ಇಸ್ರೇಲನ್ನು ಆಶೀರ್ವದಿಸುವವರಿಗೆ ಆಶೀರ್ವಾದ, ಶಪಿಸುವವರಿಗೆ ಶಾಪ. ಅದು ಬೈಬಲಿನಲ್ಲಿ ಎಲ್ಲಿದೆ, ಈಗಿನ ಸರ್ಕಾರವನ್ನು ಕುರಿತು ಹೇಳಿದ್ದೇ ಎಂದು ಕಾರ್ಲ್‌ಸನ್ ಪಟ್ಟು ಹಿಡಿದು ಕೇಳಿದರು. ಅಧ್ಯಾಯ, ವಚನ ಕ್ರೂಜ್‌ಗೆ ತಕ್ಷಣ ನೆನಪಾಗಲಿಲ್ಲ. ಆ ತುಣುಕು ಎಲ್ಲ ಕಡೆ ಹರಿದಾಡಿತು. ಅದರ ಬೆನ್ನಿಗೇ ಹಳೆಯ ಎರಡು ಪಕ್ಷಗಳು ಮತ್ತೆ ಎದ್ದು ನಿಂತವು. ದೇವರು ಯೆಹೂದ್ಯರೊಂದಿಗೆ ಮಾಡಿದ ಒಡಂಬಡಿಕೆ ಶಾಶ್ವತ, ಆದ್ದರಿಂದ ಇಸ್ರೇಲ್ ಸರ್ಕಾರದ ಜೊತೆ ನಿಲ್ಲಬೇಕು ಎನ್ನುವವರು ಒಂದು ಕಡೆ. ಆ ಒಡಂಬಡಿಕೆ ಕ್ರಿಸ್ತನಲ್ಲಿ ಮುಗಿಯಿತು, ಈಗ ಸಭೆಯೇ, ಅಂದರೆ ಕ್ರೈಸ್ತರ ಸಮುದಾಯವೇ, ಇಸ್ರಾಯೇಲ್ ಎನ್ನುವವರು ಇನ್ನೊಂದು ಕಡೆ.

ಮೊದಲು ವಚನವನ್ನೇ ನೋಡೋಣ. ಅದು ಆದಿಕಾಂಡ 12ನೇ ಅಧ್ಯಾಯದ 3ನೇ ವಚನ. ದೇವರು ಮಾತಾಡುತ್ತಿರುವುದು ಮುಂದೆ ಅಬ್ರಹಾಮನೆನಿಸಿದ ಅಬ್ರಾಮನೊಂದಿಗೆ. ಅಲ್ಲಿ ಇಸ್ರಾಯೇಲ್ ಎಂಬ ಹೆಸರಿಲ್ಲ. ಆ ಹೆಸರು ಪಡೆಯಬೇಕಾದ ಯಾಕೋಬ ಇನ್ನೂ ಹುಟ್ಟಿಲ್ಲ. ಹಾಗೆಂದು ಆ ಮಾತನ್ನು ಇಸ್ರಾಯೇಲ್ ಜನಕ್ಕೆ ಅನ್ವಯಿಸುವುದು ಬುಡವಿಲ್ಲದ ಓದೇನಲ್ಲ. ಅದೇ ಆಶೀರ್ವಾದ ಆದಿಕಾಂಡ 27:29ರಲ್ಲಿ ಇಸಾಕನ ಬಾಯಿಂದ ಯಾಕೋಬನಿಗೆ ಬರುತ್ತದೆ, ಅರಣ್ಯಕಾಂಡ 24:9ರಲ್ಲಿ ಬಿಳಾಮನ ಬಾಯಿಂದ ಇಡೀ ಜನಾಂಗಕ್ಕೆ ಬರುತ್ತದೆ. ಅಂದರೆ ವಾಗ್ದಾನ ಅಬ್ರಹಾಮನಿಂದ ಜನಕ್ಕೆ ಇಳಿದುಬಂದಿದೆ. ಅಲ್ಲಿಂದ ಒಂದು ದೇಶದ ಮಂತ್ರಿಮಂಡಲಕ್ಕೆ ಇಳಿಸುವ ವಚನ ಮಾತ್ರ ಎಲ್ಲೂ ಇಲ್ಲ.

ಈ ಜಗಳದಲ್ಲಿ ನಾಲ್ಕು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಗಂಟು ಕಟ್ಟಿಬಿಟ್ಟಿದ್ದಾರೆ. ಒಡಂಬಡಿಕೆ ಇನ್ನೂ ಇದೆಯೇ? ಇದ್ದರೆ ಯಾವುದು: ಅಬ್ರಹಾಮನದೋ, ಮೋಶೆಯ ಮೂಲಕ ಬಂದ ಸೀನಾಯಿ ಬೆಟ್ಟದ್ದೋ? ಅದು ಇರುವುದಾದರೆ ಯೆಹೂದ್ಯರಿಗೆ ಸುವಾರ್ತೆ ಸಾರಬೇಕೇ? ನೆಲದ ವಾಗ್ದಾನ ಇಂದಿನ ಗಡಿಗಳ ಬಗ್ಗೆ ಏನಾದರೂ ಹೇಳುತ್ತದೆಯೇ? ಮೊದಲನೆಯದಕ್ಕೆ ಇಂದು ಅನೇಕ ದೊಡ್ಡ ಸಭೆಗಳು ಹೌದು ಎನ್ನುತ್ತವೆ. ಉಳಿದ ಮೂರಕ್ಕೆ ಒಂದೇ ಉತ್ತರವಿಲ್ಲ. ಮೊದಲನೆಯದಕ್ಕೆ ಹೌದು ಎಂದಾಕ್ಷಣ ಉಳಿದವೂ ತೀರ್ಮಾನವಾದವು ಎಂದುಕೊಳ್ಳುವಲ್ಲೇ ಎರಡೂ ಪಕ್ಷಗಳು ಎಡವುತ್ತಿವೆ.

ಪೌಲನ ಮೂರು ಅಧ್ಯಾಯಗಳು

ಚರ್ಚೆಯ ಕೇಂದ್ರ ರೋಮಾಪುರದವರಿಗೆ ಬರೆದ ಪತ್ರಿಕೆಯ 9ರಿಂದ 11ನೇ ಅಧ್ಯಾಯ. ಪೌಲ ಇದನ್ನು ಬರೆದದ್ದು ಸುಮಾರು ಕ್ರಿ.ಶ. 57ರಲ್ಲಿ. ಸುಮಾರು 49ರಲ್ಲಿ ಕ್ಲೌದಿಯ ಚಕ್ರವರ್ತಿ ಯೆಹೂದ್ಯರನ್ನು ರೋಮಿನಿಂದ ಹೊರಹಾಕಿದ್ದ. ಅವನು 54ರಲ್ಲಿ ಸತ್ತ ಮೇಲೆ ಅವರು ಹಿಂದಿರುಗತೊಡಗಿದರು. ನಡುವಿನ ವರ್ಷಗಳಲ್ಲಿ ಅಲ್ಲಿನ ಸಭೆ ಹೆಚ್ಚಾಗಿ ಅನ್ಯಜನಾಂಗದವರ, ಅಂದರೆ ಯೆಹೂದ್ಯರಲ್ಲದವರ ಕೈಯಲ್ಲಿತ್ತು. ಯೆಹೂದ್ಯರ ಸರದಿ ಮುಗಿಯಿತು, ಈಗ ನಮ್ಮದು ಎಂಬ ಹಮ್ಮು ಅಲ್ಲಿ ಹುಟ್ಟಿಕೊಂಡಿತ್ತು. ಪೌಲ ಉತ್ತರಿಸುತ್ತಿರುವುದು ಆ ಹಮ್ಮಿಗೆ.

9:4ರಲ್ಲಿ ಅವನು ಇಸ್ರಾಯೇಲ್ಯರಿಗೆ ಸೇರಿದವುಗಳ ಪಟ್ಟಿ ಕೊಡುತ್ತಾನೆ: ಪುತ್ರತ್ವ, ಮಹಿಮೆ, ಒಡಂಬಡಿಕೆಗಳು, ಧರ್ಮಶಾಸ್ತ್ರ, ಆರಾಧನೆ, ವಾಗ್ದಾನಗಳು. ಇವು ಅವರವು ಎನ್ನುತ್ತಾನೆ, ಅವರವಾಗಿದ್ದವು ಎನ್ನುವುದಿಲ್ಲ. ಒಡಂಬಡಿಕೆ ಎಂಬುದನ್ನೂ ಬಹುವಚನದಲ್ಲೇ ಬರೆದಿದ್ದಾನೆ. 11:1ರಲ್ಲಿ ದೇವರು ತನ್ನ ಜನರನ್ನು ತಳ್ಳಿಬಿಟ್ಟನೋ ಎಂದು ಕೇಳಿ, ಎಂದಿಗೂ ಇಲ್ಲ ಎಂದು ತಾನೇ ಉತ್ತರಿಸುತ್ತಾನೆ. ಬೆನ್ಯಾಮೀನ ಕುಲದ ಇಸ್ರಾಯೇಲ್ಯನಾದ ತನ್ನನ್ನೇ ಅದಕ್ಕೆ ಸಾಕ್ಷಿಯಾಗಿ ನಿಲ್ಲಿಸುತ್ತಾನೆ.

ಆಮೇಲೆ ಬರುವುದು ಎಣ್ಣೆಮರದ, ಅಂದರೆ ಆಲಿವ್ ಮರದ ಮಾತು. ಊರ ಎಣ್ಣೆಮರದ ಕೆಲವು ಕೊಂಬೆಗಳು ಮುರಿದುಬಿದ್ದಿವೆ, ಎಲ್ಲವೂ ಅಲ್ಲ. ಕಾಡೆಣ್ಣೆಮರದ ಕೊಂಬೆಯನ್ನು ತಂದು ಉಳಿದ ಕೊಂಬೆಗಳ ನಡುವೆ ಕಸಿ ಕಟ್ಟಲಾಗಿದೆ. ಕಸಿ ಕಟ್ಟಿದ ಕೊಂಬೆಗೆ ಪೌಲ ಎಚ್ಚರಿಕೆ ಕೊಡುತ್ತಾನೆ: ಬೇರನ್ನು ಹೊತ್ತಿರುವುದು ನೀನಲ್ಲ, ಬೇರೇ ನಿನ್ನನ್ನು ಹೊತ್ತಿದೆ. ಮುರಿದ ಕೊಂಬೆಗಳನ್ನು ಮತ್ತೆ ಅದೇ ಮರಕ್ಕೆ ಕಸಿ ಕಟ್ಟಲು ದೇವರು ಶಕ್ತನು ಎಂದೂ ಹೇಳುತ್ತಾನೆ. ಹಳೆಯ ಮರವನ್ನು ಬುಡಸಹಿತ ಕಡಿದು ಹೊಸ ಮರ ನೆಟ್ಟ ಕತೆ ಇದಲ್ಲ. ಒಂದೇ ತೋಟದಲ್ಲಿ ಎರಡು ಮರಗಳು ಬೇರೆ ಬೇರೆಯಾಗಿ ಬೆಳೆಯುವ ಚಿತ್ರವೂ ಅಲ್ಲ. ಈ ಎರಡನೆಯದನ್ನು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

11:28-29 ಇಡೀ ವಾದದ ಕೀಲು. ಸುವಾರ್ತೆಯ ವಿಷಯದಲ್ಲಿ ಅವರು ಎದುರು ನಿಂತವರು, ಆಯ್ಕೆಯ ವಿಷಯದಲ್ಲಿ ಪಿತೃಗಳ ನಿಮಿತ್ತ ಪ್ರಿಯರು. ದೇವರು ತಾನು ಕೊಟ್ಟ ವರಗಳನ್ನೂ ಕರೆಯನ್ನೂ ಹಿಂತೆಗೆದುಕೊಳ್ಳುವವನಲ್ಲ. ಪೌಲ ಈ ಎರಡೂ ಮಾತನ್ನು ಒಟ್ಟಿಗೇ ಹೇಳಿದ್ದಾನೆ, ಒಂದರಿಂದ ಇನ್ನೊಂದನ್ನು ಅಳಿಸಿಲ್ಲ. 11:26ರ ‘ಇಸ್ರಾಯೇಲ್ಯರೆಲ್ಲರೂ’ ಯಾರು ಎಂಬುದರಲ್ಲಿ ಮಾತ್ರ ವ್ಯಾಖ್ಯಾನಕಾರರು ಒಡೆದಿದ್ದಾರೆ. ಯೆಹೂದ್ಯರೂ ಅನ್ಯರೂ ಸೇರಿದ ಸಮಸ್ತ ದೇವಜನ ಎಂದವನು ಕ್ಯಾಲ್ವಿನ್. ಪೌಲ ಇಲ್ಲಿ ಯೆಹೂದ್ಯ ಜನಾಂಗವನ್ನೇ ಕುರಿತು ಹೇಳುತ್ತಿದ್ದಾನೆ ಎಂಬುದು ಇಂದಿನ ಹೆಚ್ಚಿನ ವಿದ್ವಾಂಸರ ನಿಲುವು. ಹಿಂದಿನ ವಚನದಲ್ಲಿ ಇಸ್ರಾಯೇಲನ್ನು ಅನ್ಯಜನರಿಂದ ಬೇರ್ಪಡಿಸಿಯೇ ಮಾತಾಡಿರುವುದರಿಂದ ಎರಡನೆಯ ಓದೇ ಸರಿ ಎನಿಸುತ್ತದೆ.

ಸಭೆ ಹಿಡಿದ ಬೇರೆ ದಾರಿ

ಇಷ್ಟು ಸ್ಪಷ್ಟವಾಗಿ ಬರೆದಿದ್ದರೂ ಪೌಲನ ಈ ಮಾತು ಬಹುಕಾಲ ಮೂಲೆಗೆ ಸರಿಯಿತು. ಸುಮಾರು 160ರಲ್ಲಿ ಹುತಾತ್ಮ ಜಸ್ಟಿನ್, ಟ್ರೈಫೋ ಎಂಬ ಯೆಹೂದ್ಯನೊಂದಿಗಿನ ಸಂವಾದದ ರೂಪದಲ್ಲಿ ಬರೆಯುತ್ತಾ, ನಿಜವಾದ ಆತ್ಮಿಕ ಇಸ್ರಾಯೇಲ್ ನಾವೇ ಎಂದ. ಅದೇ ಶತಮಾನದಲ್ಲಿ ಸಾರ್ದಿಸಿನ ಮೆಲಿಟೊ ದೇವರನ್ನೇ ಕೊಂದ ಆರೋಪವನ್ನು ಇಸ್ರಾಯೇಲಿನ ಮೇಲೆ ಹೊರಿಸಿದ. ಬೈಬಲಿನ ಹಳೇ ಒಡಂಬಡಿಕೆ ಭಾಗವನ್ನೇ ಬಿಟ್ಟುಬಿಡಬೇಕು ಎಂದ ಮಾರ್ಸಿಯನ್‌ನನ್ನು ರೋಮಿನ ಸಭೆ 144ರ ಸುಮಾರಿಗೆ ಹೊರಹಾಕಿತ್ತು ಎಂಬುದನ್ನೂ ಮರೆಯಬಾರದು. ಪುಸ್ತಕವನ್ನು ಸಭೆ ಉಳಿಸಿಕೊಂಡಿತು, ಆ ಪುಸ್ತಕದ ಜನರನ್ನು ಕೈಬಿಟ್ಟಿತು.

386-387ರಲ್ಲಿ ಅಂತಿಯೋಕ್ಯದಲ್ಲಿ ಜಾನ್ ಕ್ರಿಸೊಸ್ಟೊಮ್ ಯೆಹೂದ್ಯರ ವಿರುದ್ಧ ಎಂಟು ಪ್ರಸಂಗಗಳನ್ನು ಮಾಡಿದ. ಅವನನ್ನು ಕೆರಳಿಸಿದ್ದು ಯೆಹೂದ್ಯರ ಕೃತ್ಯವಲ್ಲ. ಅವನ ಸಭೆಯ ಕ್ರೈಸ್ತರೇ ಹಬ್ಬಗಳಿಗೆ ಯೆಹೂದ್ಯರ ಪ್ರಾರ್ಥನಾಲಯವಾದ ಸಿನಗಾಗಿಗೆ ಹೋಗುತ್ತಿದ್ದರು, ಯೆಹೂದ್ಯರೊಂದಿಗೆ ಉಪವಾಸ ಮಾಡುತ್ತಿದ್ದರು. ಅವರನ್ನು ತಡೆಯಲು ಅವನು ಆರಿಸಿಕೊಂಡ ಭಾಷೆ ಮುಂದೆ ಹಿಂಸೆಗೆ ಮಂತ್ರವಾಯಿತು. ಆಗಸ್ಟಿನ್ ಸ್ವಲ್ಪ ಬೇರೆ ದಾರಿ ಹಿಡಿದ: 59ನೇ ಕೀರ್ತನೆಯ ‘ಅವರನ್ನು ಕೊಲ್ಲಬೇಡ’ ಎಂಬ ಮಾತನ್ನು ಆಧಾರವಾಗಿಟ್ಟು, ಯೆಹೂದ್ಯರು ಚದರಿಹೋಗಿ ಶಾಸ್ತ್ರಕ್ಕೆ ಸಾಕ್ಷಿಗಳಾಗಿ ಉಳಿಯಬೇಕು ಎಂದ. ಇದು ಅವರ ಪ್ರಾಣವನ್ನು ಕೆಲಮಟ್ಟಿಗೆ ಕಾಯಿತು. ಅವರನ್ನು ಕೀಳಾಗಿಡುವುದಕ್ಕೂ ಸಮರ್ಥನೆ ಒದಗಿಸಿತು. 1215ರ ನಾಲ್ಕನೇ ಲ್ಯಾಟೆರನ್ ಮಹಾಸಭೆ ಯೆಹೂದ್ಯರು ಗುರುತಿಸುವಂಥ ಬೇರೆ ಉಡುಪು ತೊಡಬೇಕೆಂದು ವಿಧಿಸಿತು. 1543ರಲ್ಲಿ ಮಾರ್ಟಿನ್ ಲೂಥರ್ ಅವರ ಸಿನಗಾಗ್‌ಗಳನ್ನು ಸುಡಬೇಕೆಂದು ಬರೆದ. ಅಮೆರಿಕದ ಇವ್ಯಾಂಜೆಲಿಕಲ್ ಲೂಥರನ್ ಸಭೆ ಆ ಬರಹವನ್ನು ಅಧಿಕೃತವಾಗಿ ತಿರಸ್ಕರಿಸಿದ್ದು 1994ರಲ್ಲಿ.

ಈ ಬದಲಿ ಬೋಧನೆ, ಅಂದರೆ ಇಸ್ರಾಯೇಲಿನ ಜಾಗಕ್ಕೆ ಸಭೆ ಬಂದಿದೆ ಎಂಬ ಬೋಧನೆ, ಒಂದೇ ರೂಪದ್ದಲ್ಲ. ದೇವತಾಶಾಸ್ತ್ರಜ್ಞ ಕೆಂಡಲ್ ಸೂಲೆನ್ ಇದನ್ನು ಮೂರಾಗಿ ಬಿಡಿಸಿದ್ದಾರೆ. ಮೆಸ್ಸೀಯನನ್ನು ತಿರಸ್ಕರಿಸಿದ್ದಕ್ಕೆ ಶಿಕ್ಷೆಯಾಗಿ ಒಡಂಬಡಿಕೆ ಹೋಯಿತು ಎಂಬುದು ಒಂದು. ಅದರ ಕೆಲಸವೇ ಕ್ರಿಸ್ತನವರೆಗೆ ದಾರಿ ತೋರುವುದಾಗಿತ್ತು, ಕೆಲಸ ಮುಗಿಯಿತು ಎಂಬುದು ಇನ್ನೊಂದು. ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮ: ಯಾರನ್ನೂ ಬೈಯದೆ ಇಸ್ರಾಯೇಲನ್ನು ಕತೆಯಿಂದಲೇ ಬಿಟ್ಟುಬಿಡುವುದು. ಸೃಷ್ಟಿ, ಪಾಪ, ಅಲ್ಲಿಂದ ನೇರವಾಗಿ ಬೆತ್ಲೆಹೇಮ್. ನಿಕೇಯದ ವಿಶ್ವಾಸಪ್ರಮಾಣದಲ್ಲಿ ಸೃಷ್ಟಿಕರ್ತನಿಗೂ ಕನ್ಯೆ ಮರಿಯಳಿಗೂ ನಡುವೆ ಅಬ್ರಹಾಮನೂ ಇಲ್ಲ, ಸೀನಾಯಿಯೂ ಇಲ್ಲ. ಪ್ರವಾದಿಗಳ ಪ್ರಸ್ತಾಪ ಬರುವುದು ಕೊನೆಯಲ್ಲಿ, ಪವಿತ್ರಾತ್ಮನ ಜೊತೆಗೆ. ಮೊದಲ ಎರಡು ರೂಪಗಳನ್ನು ಬಿಟ್ಟೆವೆಂದು ಹೇಳುವ ಸಭೆಗಳಲ್ಲೂ ಈ ಮೂರನೆಯದು ಆರಾಮವಾಗಿ ಕುಳಿತಿದೆ.

1965ರ ತಿರುವು

ಯೂರೋಪಿನ ಯೆಹೂದ್ಯರ ನರಮೇಧದ ನಂತರ, 1947ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಸೀಲಿಸ್‌ಬರ್ಗ್‌ನಲ್ಲಿ ಕೂಡಿದವರು ಕ್ರೈಸ್ತ ಬೋಧನೆ ತಿದ್ದಿಕೊಳ್ಳಬೇಕಾದ ಹತ್ತು ಅಂಶಗಳನ್ನು ಬರೆದರು. ಅದರಲ್ಲಿ ಪಾಲ್ಗೊಂಡಿದ್ದ ಫ್ರೆಂಚ್ ಯೆಹೂದ್ಯ ಇತಿಹಾಸಕಾರ ಜೂಲ್ಸ್ ಇಸಾಕ್, 1960ರ ಜೂನ್ 13ರಂದು ಪೋಪ್ 23ನೇ ಜಾನ್ ಅವರನ್ನು ಭೇಟಿಯಾದರು. ಆ ಭೇಟಿಯಿಂದ ಹೊರಟ ಕೆಲಸ ಕಾರ್ಡಿನಲ್ ಬೆಯಾ ಅವರ ಕೈ ಸೇರಿ, ಹಲವು ಕರಡುಗಳನ್ನು ದಾಟಿ, 1965ರ ಅಕ್ಟೋಬರ್ 28ರಂದು ಎರಡನೇ ವ್ಯಾಟಿಕನ್ ಮಹಾಸಭೆಯ ‘ನೋಸ್ತ್ರಾ ಏತಾತೆ’ ಘೋಷಣೆ ಆಯಿತು. ಪರವಾಗಿ 2,221 ಮತ, ವಿರುದ್ಧ 88. ಅದರ ನಾಲ್ಕನೇ ಭಾಗ ಎರಡು ಮಾತು ಹೇಳಿತು: ಯೇಸುವಿನ ಯಾತನೆಯ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನ ಯೆಹೂದ್ಯರ ಮೇಲಾಗಲಿ ಹೊರಿಸುವಂತಿಲ್ಲ, ಪಿತೃಗಳ ನಿಮಿತ್ತ ಅವರು ದೇವರಿಗೆ ಇಂದಿಗೂ ಪ್ರಿಯರು. ಎರಡನೆಯದು ನೇರವಾಗಿ ರೋಮಾಪುರದವರಿಗೆ 11:28-29.

‘ಒಡಂಬಡಿಕೆ ರದ್ದಾಗಿಲ್ಲ’ ಎಂಬ ಸೂತ್ರ ಮಾತ್ರ ಆ ದಾಖಲೆಯಲ್ಲಿಲ್ಲ. ಅನೇಕರು ಇಲ್ಲಿ ತಪ್ಪುತ್ತಾರೆ. ಅದು ಬಂದದ್ದು 15 ವರ್ಷಗಳ ನಂತರ, 1980ರ ನವೆಂಬರ್ 17ರಂದು ಜರ್ಮನಿಯ ಮೈಂಜ್ ನಗರದಲ್ಲಿ. ಪೋಪ್ ಎರಡನೇ ಜಾನ್ ಪಾಲ್ ಅಲ್ಲಿನ ಯೆಹೂದ್ಯ ಮುಖಂಡರೊಂದಿಗೆ ಮಾತಾಡುತ್ತಾ, ದೇವರು ಎಂದೂ ರದ್ದುಮಾಡದ ಹಳೇ ಒಡಂಬಡಿಕೆಯ ದೇವಜನ ಎಂದು ಅವರನ್ನು ಕರೆದರು. 1992ರ ಕಥೋಲಿಕ ಧರ್ಮೋಪದೇಶ ಗ್ರಂಥ 121ನೇ ಪರಿಚ್ಛೇದದಲ್ಲಿ, ಪೋಪ್ ಫ್ರಾನ್ಸಿಸ್ ತಮ್ಮ 2013ರ ಪ್ರೇರಣಾ ಪತ್ರದ 247ನೇ ಪರಿಚ್ಛೇದದಲ್ಲಿ ಇದೇ ಮಾತನ್ನು ಹೇಳಿದರು.

ಪ್ರಾರ್ಥನೆ ಬದಲಾದ ರೀತಿ ಇದಕ್ಕಿಂತ ಕಣ್ಣಿಗೆ ಕಟ್ಟುತ್ತದೆ. ಶುಭ ಶುಕ್ರವಾರದ ಕಥೋಲಿಕ ಆರಾಧನೆಯಲ್ಲಿ ಹತ್ತು ವಿಜ್ಞಾಪನೆಗಳಿವೆ. ಆರನೆಯದು ಯೆಹೂದ್ಯರಿಗಾಗಿ. ಹಳೆಯ ಲ್ಯಾಟಿನ್ ಪ್ರಾರ್ಥನೆ ಅವರನ್ನು ನಂಬಿಕೆಗೇಡಿಗಳೆಂದು ಕರೆಯುತ್ತಿತ್ತು, ಅದೊಂದಕ್ಕೆ ಮಾತ್ರ ಜನ ಮೊಣಕಾಲೂರುತ್ತಿರಲಿಲ್ಲ. 1955ರ ಸುಧಾರಣೆಯಲ್ಲಿ ಮೊಣಕಾಲೂರುವುದು ಮತ್ತೆ ಬಂತು, 1959ರಲ್ಲಿ ಆ ಬೈಗುಳದ ಪದ ಹೋಯಿತು. 1970ರ ಪೂಜಾಗ್ರಂಥ ಇಡೀ ಪ್ರಾರ್ಥನೆಯನ್ನೇ ಬದಲಿಸಿತು: ದೇವರು ಮೊದಲು ಮಾತಾಡಿದ್ದು ಯಾರೊಂದಿಗೋ ಆ ಜನರು ಆತನ ನಾಮದ ಪ್ರೀತಿಯಲ್ಲೂ ಆತನ ಒಡಂಬಡಿಕೆಗೆ ನಿಷ್ಠೆಯಲ್ಲೂ ಬೆಳೆಯಲಿ ಎಂದು. ಆದರೆ 2008ರಲ್ಲಿ ಪೋಪ್ 16ನೇ ಬೆನೆಡಿಕ್ಟ್, ಹಳೆಯ ಲ್ಯಾಟಿನ್ ವಿಧಿಯನ್ನು ಬಳಸುವವರಿಗಾಗಿ ಬೇರೊಂದು ಪ್ರಾರ್ಥನೆ ಬರೆದುಕೊಟ್ಟರು. ಅದು ಯೆಹೂದ್ಯರು ಯೇಸು ಕ್ರಿಸ್ತನನ್ನು ಎಲ್ಲರ ರಕ್ಷಕನೆಂದು ಅರಿಯುವಂತೆ ಅವರ ಹೃದಯ ಬೆಳಗಲಿ ಎಂದು ಬೇಡುತ್ತದೆ. ಹೀಗೆ ಒಂದೇ ಧರ್ಮಸಭೆಯೊಳಗೆ, ಒಂದೇ ದಿನ ಹೇಳಲು, ಎರಡು ದಿಕ್ಕಿನ ಎರಡು ಪ್ರಾರ್ಥನೆಗಳಿವೆ.

ಯಾವ ಒಡಂಬಡಿಕೆ?

ಆ ಎರಡು ಪ್ರಾರ್ಥನೆಗಳ ಹಿಂದಿರುವ ಗಂಟು ಇದು. ರದ್ದಾಗದೆ ಉಳಿದಿರುವುದು ಅಬ್ರಹಾಮನಿಗೆ ಕೊಟ್ಟ ವಾಗ್ದಾನ ಮಾತ್ರವೋ, ಮೋಶೆಯ ಮೂಲಕ ಸೀನಾಯಿಯಲ್ಲಿ ಕೊಟ್ಟ ಧರ್ಮಶಾಸ್ತ್ರವೂ ಸೇರಿಯೋ? ಯೆಹೂದ್ಯರಿಗೆ ಈ ಬೇರ್ಪಡಿಸುವಿಕೆಯೇ ವಿಚಿತ್ರ. ಎಂಟನೇ ದಿನದ ಸುನ್ನತಿ ಅಬ್ರಹಾಮನದು, ಸಬ್ಬತ್ತು ಸೀನಾಯಿಯದು. ಎರಡೂ ಒಂದೇ ಬಾಳು. ಕ್ರೈಸ್ತರಿಗಾದರೋ ಗಲಾತ್ಯದವರಿಗೆ ಬರೆದ ಪತ್ರಿಕೆಯ 3 ಮತ್ತು 4ನೇ ಅಧ್ಯಾಯಗಳು ಎದುರು ನಿಲ್ಲುತ್ತವೆ. ಅಲ್ಲಿ ಪೌಲ ಅಬ್ರಹಾಮನ ವಾಗ್ದಾನವನ್ನೂ 430 ವರ್ಷಗಳ ನಂತರ ಬಂದ ಧರ್ಮಶಾಸ್ತ್ರವನ್ನೂ ಬೇರ್ಪಡಿಸಿಯೇ ವಾದಿಸುತ್ತಾನೆ.

ಅಮೆರಿಕದ ಕಥೋಲಿಕ ಬಿಷಪ್ಪರು ಇದರಲ್ಲಿ ಸಿಕ್ಕಿಬಿದ್ದರು. ವಯಸ್ಕರಿಗಾಗಿ ಅವರು ತಂದ ಧರ್ಮೋಪದೇಶ ಪುಸ್ತಕದಲ್ಲಿ, ಮೋಶೆಯ ಮೂಲಕ ಯೆಹೂದ್ಯರೊಂದಿಗೆ ಮಾಡಿದ ಒಡಂಬಡಿಕೆ ಅವರಿಗೆ ಶಾಶ್ವತವಾಗಿ ಸಿಂಧು ಎಂಬ ವಾಕ್ಯವಿತ್ತು. 2008ರಲ್ಲಿ ಅದನ್ನು ತೆಗೆಯಲು ಮತ ಹಾಕಿದರು, ಆ ಜಾಗಕ್ಕೆ ರೋಮಾಪುರದವರಿಗೆ 9:4-5ರ ಮಾತುಗಳನ್ನು ಇಟ್ಟರು. ಸಿದ್ಧಾಂತ ಬದಲಾಗಿಲ್ಲ, ಮಾತು ನಿಖರವಾಗಿದೆ ಎಂಬುದು ಅವರ ವಿವರಣೆ. ಯೆಹೂದ್ಯ ಸಂಘಟನೆಗಳಿಗೆ ಅದು ಹಿಂದೆ ಸರಿದಂತೆ ಕಂಡಿತು. ಪೌಲನ ಮಾತನ್ನೇ ಇಟ್ಟದ್ದು ತಪ್ಪಲ್ಲ. ಆದರೆ ಮುದ್ರಿಸಿ ಹಂಚಿದ ವಾಕ್ಯವನ್ನು ತೆಗೆದಾಗ, ಇಟ್ಟದ್ದಕ್ಕಿಂತ ತೆಗೆದದ್ದೇ ಜೋರಾಗಿ ಕೇಳಿಸುತ್ತದೆ.

ನಿವೃತ್ತರಾದ ಬೆನೆಡಿಕ್ಟ್ 2018ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ಸೂತ್ರವನ್ನೇ ಮತ್ತೆ ತೂಗಿ ನೋಡಿದರು. ಸೂತ್ರ ಸರಿ, ಆದರೆ ಅಷ್ಟಕ್ಕೇ ನಿಂತರೆ ಸಾಲದು. ಒಡಂಬಡಿಕೆಯ ಚರಿತ್ರೆಯಲ್ಲಿ ಮನುಷ್ಯರು ಅದನ್ನು ಮುರಿದ ಸಂಗತಿಯೂ ದೇವರು ಮತ್ತೆ ಕಟ್ಟಿದ ಸಂಗತಿಯೂ ಇದೆ ಎಂಬುದು ಅವರ ವಾದ. ಯೆಹೂದ್ಯರಿಂದಲೂ ಕ್ರೈಸ್ತ ವಿದ್ವಾಂಸರಿಂದಲೂ ಟೀಕೆ ಬಂತು. ವಿಯೆನ್ನಾದ ರಬ್ಬಿ, ಅಂದರೆ ಯೆಹೂದ್ಯ ಧರ್ಮಗುರು, ಆರಿ ಫೋಲ್ಗರ್ ಜೊತೆ ಪತ್ರವ್ಯವಹಾರವೂ ನಡೆಯಿತು. 2021ರ ಆಗಸ್ಟ್ 11ರಂದು ಪೋಪ್ ಫ್ರಾನ್ಸಿಸ್ ಗಲಾತ್ಯದವರಿಗೆ ಬರೆದ ಪತ್ರಿಕೆಯನ್ನು ವಿವರಿಸುತ್ತಾ ಧರ್ಮಶಾಸ್ತ್ರ ಜೀವ ಕೊಡುವುದಿಲ್ಲ ಎಂದಾಗ, ಇಸ್ರೇಲಿನ ಮುಖ್ಯ ರಬ್ಬಿಗಳ ಮಂಡಳಿಯಿಂದ ವ್ಯಾಟಿಕನ್‌ಗೆ ಪತ್ರ ಹೋಯಿತು. ಪೋಪರ ಮಾತು ಪೌಲನ ಕಾಲದ ಸಂದರ್ಭಕ್ಕೆ ಸೇರಿದ್ದು, ಇಂದಿನ ಯೆಹೂದ್ಯ ಧರ್ಮದ ಮೇಲಿನ ತೀರ್ಪಲ್ಲ ಎಂದು ಕಾರ್ಡಿನಲ್ ಕರ್ಟ್ ಕೋಖ್ ಉತ್ತರ ಕೊಡಬೇಕಾಯಿತು.

ಸುವಾರ್ತೆ ಸಾರಬೇಕೇ?

ವ್ಯಾಟಿಕನ್ 2015ರ ಡಿಸೆಂಬರ್ 10ರಂದು ಹೊರಡಿಸಿದ ದಾಖಲೆಗೆ ರೋಮಾಪುರದವರಿಗೆ 11:29ನ್ನೇ ಶೀರ್ಷಿಕೆಯಾಗಿ ಇಟ್ಟಿತು. ಅದು ಎರಡು ಬಾಗಿಲನ್ನೂ ಮುಚ್ಚುತ್ತದೆ. ಯೆಹೂದ್ಯರಿಗೆ ತೋರಾ ಎಂಬ ಧರ್ಮಶಾಸ್ತ್ರ, ಉಳಿದವರಿಗೆ ಕ್ರಿಸ್ತ ಎಂಬ ಎರಡು ಸಮಾನಾಂತರ ದಾರಿಗಳಿಲ್ಲ. ಯೆಹೂದ್ಯರು ದೇವರ ರಕ್ಷಣೆಯಿಂದ ಹೊರಗಿದ್ದಾರೆ ಎಂಬುದೂ ಇಲ್ಲ. ಕ್ರಿಸ್ತನನ್ನು ಬಾಯಿಬಿಟ್ಟು ಒಪ್ಪದೆ ಅದು ಹೇಗೆ ಸಾಧ್ಯ ಎಂಬುದು ಮನುಷ್ಯರ ಅಳವಿಗೆ ಮೀರಿದ ದೇವರ ರಹಸ್ಯ ಎನ್ನುತ್ತದೆ. ಎಣ್ಣೆಮರ ಒಂದೇ ಎಂದು ಪೌಲ ಬರೆದದ್ದು ಇಲ್ಲಿ ಕೆಲಸಕ್ಕೆ ಬಂದಿದೆ. 40ನೇ ಪರಿಚ್ಛೇದದಲ್ಲಿ ನೇರವಾದ ಮಾತಿದೆ: ಯೆಹೂದ್ಯರನ್ನು ಗುರಿಯಾಗಿಟ್ಟ ಯಾವುದೇ ಸಾಂಸ್ಥಿಕ ಮಿಷನ್ ಕೆಲಸವನ್ನು ಕಥೋಲಿಕ ಧರ್ಮಸಭೆ ನಡೆಸುವುದಿಲ್ಲ, ಬೆಂಬಲಿಸುವುದೂ ಇಲ್ಲ. ವ್ಯಕ್ತಿಯಾಗಿ ಕ್ರೈಸ್ತನು ತನ್ನ ನಂಬಿಕೆಗೆ ನಮ್ರವಾಗಿ ಸಾಕ್ಷಿ ಹೇಳಬಹುದು.

ಪ್ರಾಟೆಸ್ಟಂಟರಲ್ಲಿ ಒಮ್ಮತವಿಲ್ಲ. ಜರ್ಮನಿಯ ರೈನ್‌ಲ್ಯಾಂಡ್ ಸಭೆಯ ಸಿನೊಡ್ (ಆಡಳಿತ ಸಮಾವೇಶ) 1980ರ ಜನವರಿಯಲ್ಲೇ, ಅಂದರೆ ಮೈಂಜ್ ಭಾಷಣಕ್ಕಿಂತ ಹತ್ತು ತಿಂಗಳು ಮೊದಲೇ, ಯೆಹೂದ್ಯರ ಆಯ್ಕೆ ಶಾಶ್ವತ, ಕ್ರಿಸ್ತನ ಮೂಲಕ ಸಭೆಯನ್ನು ಆ ಒಡಂಬಡಿಕೆಯೊಳಗೆ ಸೇರಿಸಿಕೊಳ್ಳಲಾಗಿದೆ ಎಂದಿತು. 2016ರ ನವೆಂಬರ್‌ನಲ್ಲಿ ಜರ್ಮನಿಯ ಇವ್ಯಾಂಜೆಲಿಕಲ್ ಸಭೆಗಳ ಒಕ್ಕೂಟ ಮ್ಯಾಗ್ಡೆಬರ್ಗ್‌ನಲ್ಲಿ, ಇಸ್ರಾಯೇಲಿಗೆ ದೇವರ ದಾರಿ ತೋರಿಸುವ ಕರೆ ಕ್ರೈಸ್ತರಿಗಿಲ್ಲ ಎಂದು ನಿರ್ಣಯಿಸಿತು. ಇದಕ್ಕೆ ತದ್ವಿರುದ್ಧವಾಗಿ ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟರು 1996ರಲ್ಲಿ ಯೆಹೂದ್ಯರಿಗೆ ಸುವಾರ್ತೆ ಸಾರಲು ಶ್ರಮ ಹೆಚ್ಚಿಸಬೇಕೆಂದು ಠರಾವು ಮಾಡಿದ್ದರು. ಅದಕ್ಕೂ ಮೊದಲು 1989ರ ವಿಲ್ಲೋಬ್ಯಾಂಕ್ ಘೋಷಣೆಯಲ್ಲಿ ಇವ್ಯಾಂಜೆಲಿಕಲರು ಇನ್ನೊಂದು ವಾದ ಮುಂದಿಟ್ಟಿದ್ದರು: ಎಲ್ಲರಿಗೂ ಸಾರಿ ಯೆಹೂದ್ಯರಿಗೆ ಮಾತ್ರ ಸಾರದಿರುವುದೇ ಅವರನ್ನು ಕಡೆಗಣಿಸಿದಂತೆ. ಇದನ್ನು ದ್ವೇಷವೆಂದು ತಳ್ಳಿಹಾಕುವುದು ಅನ್ಯಾಯ. ಆದರೆ ಶತಮಾನಗಳ ಕಾಲ ಬಲವಂತದ ದೀಕ್ಷಾಸ್ನಾನ ಕಂಡ ಜನರ ಕಿವಿಗೆ ಅದು ಹೇಗೆ ಕೇಳಿಸುತ್ತದೆ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಇಂಗ್ಲೆಂಡ್ ಸಭೆ 2019ರಲ್ಲಿ ತಂದ ದಾಖಲೆ ಹಳೆಯ ಪಾಪಗಳನ್ನು ಒಪ್ಪಿಕೊಂಡಿತು. ಆದರೆ ಅದೇ ಪುಸ್ತಕದ ಹಿನ್ನುಡಿಯಲ್ಲಿ ಮುಖ್ಯ ರಬ್ಬಿ ಎಫ್ರೈಮ್ ಮಿರ್ವಿಸ್, ಮತಾಂತರದ ಪ್ರಯತ್ನವನ್ನು ಅದು ಸ್ಪಷ್ಟವಾಗಿ ತಿರಸ್ಕರಿಸದಿದ್ದುದಕ್ಕೆ ಬೇಸರ ಹೇಳಿಕೊಂಡರು.

ಯೆಹೂದ್ಯರ ಕಡೆಯಿಂದಲೂ ಮಾತು ಬಂದಿದೆ. 2015ರ ಡಿಸೆಂಬರ್‌ನಲ್ಲಿ ಆರ್ಥೊಡಾಕ್ಸ್ ರಬ್ಬಿಗಳ ಒಂದು ಗುಂಪು, ಕ್ರೈಸ್ತಧರ್ಮ ಆಕಸ್ಮಿಕವೂ ಅಲ್ಲ, ತಪ್ಪೂ ಅಲ್ಲ, ಜನಾಂಗಗಳಿಗೆ ದೇವರು ಬಯಸಿ ಕೊಟ್ಟ ಕೊಡುಗೆ ಎಂದು ಹೇಳಿಕೆ ಕೊಟ್ಟಿತು.

ನೆಲದ ಪ್ರಶ್ನೆ

ಎಲ್ಲಕ್ಕಿಂತ ಕಷ್ಟದ್ದು ಇದು. ಅಬ್ರಹಾಮನ ಒಡಂಬಡಿಕೆಯಲ್ಲಿ ನೆಲವಿದೆ: ಆದಿಕಾಂಡ 15:18, 17:8. ಒಡಂಬಡಿಕೆ ರದ್ದಾಗಿಲ್ಲ ಎಂದು ಸಾರಿ ನೆಲದ ಮಾತು ಬಂದಾಗ ಮೌನ ತಾಳುವುದು ಪ್ರಾಮಾಣಿಕವಲ್ಲ. ಯೆಹೂದ್ಯರು ಅದನ್ನು ಗುರುತಿಸುತ್ತಾರೆ.

ಇಲ್ಲಿ ಅತಿ ಗಟ್ಟಿಯಾದ ದನಿ, ಯೆಹೂದ್ಯರು ಆ ನೆಲಕ್ಕೆ ಮರಳುವುದನ್ನು ಬೈಬಲಿನ ಆಧಾರದಲ್ಲಿ ಬೆಂಬಲಿಸುವ ಕ್ರೈಸ್ತ ಜಿಯೋನಿಸಂನದು. ಅದರ ಇಂದಿನ ಜನಪ್ರಿಯ ರೂಪಕ್ಕೆ ಅಚ್ಚು ಹಾಕಿದ್ದು 1830ರ ದಶಕದಲ್ಲಿ ಬ್ರೆದರನ್ ಪಂಥದ ಬೋಧಕ ಜಾನ್ ನೆಲ್ಸನ್ ಡಾರ್ಬಿ ರೂಪಿಸಿದ ಯುಗವಿಭಾಗದ ಬೋಧನೆ. ದೇವರಿಗೆ ಎರಡು ಜನ, ಎರಡು ಯೋಜನೆ: ಇಸ್ರಾಯೇಲಿಗೆ ಭೂಮಿಯ ಮೇಲೆ, ಸಭೆಗೆ ಪರಲೋಕದಲ್ಲಿ. 1909ರಲ್ಲಿ ಬಂದ ಸ್ಕೋಫೀಲ್ಡ್ ಬೈಬಲ್ ಈ ಓದನ್ನು ವಚನಗಳ ಕೆಳಗೇ ಅಚ್ಚು ಹಾಕಿತು. ಆದಿಕಾಂಡ 12:3ರ ಶಾಪದ ಮಾತಿಗೆ, ಯೆಹೂದ್ಯರನ್ನು ಹಿಂಸಿಸಿದ ಜನಾಂಗಗಳಿಗೆ ಯಾವಾಗಲೂ ಕೇಡೇ ಆಗಿದೆ ಎಂಬ ಟಿಪ್ಪಣಿ ಇದೆ. ವಚನ ಯಾವುದು, ಟಿಪ್ಪಣಿ ಯಾವುದು ಎಂಬ ಗೆರೆ ಓದುಗರ ಮನಸ್ಸಿನಲ್ಲಿ ಅಳಿಸಿಹೋಯಿತು. ಬ್ರೆದರನ್ ಮತ್ತು ಪೆಂತೆಕೊಸ್ತ್ ಸಭೆಗಳ ಮೂಲಕ ಈ ಓದು ದಕ್ಷಿಣ ಭಾರತಕ್ಕೂ ಬಂದಿದೆ. ಕನ್ನಡದ ಎಷ್ಟೋ ಪ್ರವಾದನಾ ಕೂಟಗಳಲ್ಲಿ ಕೇಳುವುದು ಇದನ್ನೇ. ಇದರ ಒಂದು ಭಾಗವನ್ನು ಮಾತ್ರ ಗಟ್ಟಿಯಾಗಿ ಹೇಳುವುದಿಲ್ಲ: ಅಂತ್ಯಕಾಲದ ಮಹಾ ಸಂಕಟದಲ್ಲಿ ಯೆಹೂದ್ಯರಲ್ಲಿ ಬಹುಪಾಲು ಜನ ಸಾಯುತ್ತಾರೆ, ಉಳಿದವರು ಕ್ರಿಸ್ತನ ಕಡೆ ತಿರುಗುತ್ತಾರೆ ಎಂದು ಜೆಕರ್ಯ 13:8ನ್ನು ಆಧರಿಸಿ ಇದೇ ಬೋಧನೆ ಹೇಳುತ್ತದೆ. ಅದನ್ನು ತಿಳಿದ ಯೆಹೂದ್ಯನು ಈ ಪ್ರೀತಿಯನ್ನು ಅನುಮಾನದಿಂದ ನೋಡಿದರೆ ತಪ್ಪೇನು?

ಇನ್ನೊಂದು ದನಿ ಪ್ಯಾಲೆಸ್ತೀನಿನ ಕ್ರೈಸ್ತರದು. ಅವರ 2009ರ ಕೈರೋಸ್ ದಾಖಲೆ, ದೇವರ ವಾಕ್ಯವನ್ನು ತಮ್ಮ ನೆಲ ಕಸಿಯುವ ಆಯುಧವಾಗಿ ಬಳಸುವುದನ್ನು ತಿರಸ್ಕರಿಸಿತು. ತಮ್ಮ ತಾತ ಮುತ್ತಾತಂದಿರ ಮನೆ ಕಳೆದುಕೊಂಡವರಿಗೆ ವಾಗ್ದಾನದ ವಚನ ಕೇಳಿಸುವ ರೀತಿಯೇ ಬೇರೆ. ಅದನ್ನು ಪಕ್ಕಕ್ಕಿಟ್ಟು ಬರೆದ ದೇವತಾಶಾಸ್ತ್ರಕ್ಕೆ ಬೆಲೆಯಿಲ್ಲ. ಅಪಾಯ ಈ ಕಡೆಯೂ ಇದೆ. 2010ರ ಅಕ್ಟೋಬರ್‌ನಲ್ಲಿ ರೋಮಿನಲ್ಲಿ ನಡೆದ ಮಧ್ಯಪ್ರಾಚ್ಯ ಬಿಷಪ್ಪರ ಸಿನೊಡ್, ಅನ್ಯಾಯವನ್ನು ಸಮರ್ಥಿಸಲು ಬೈಬಲ್ ಬಳಸಬಾರದು ಎಂದು ಸರಿಯಾಗಿಯೇ ಹೇಳಿತು. ಆದರೆ ಅದರ ನಂತರ ಆರ್ಚ್‌ಬಿಷಪ್ ಸಿರಿಲ್ ಬುಸ್ತ್ರೋಸ್, ಕ್ರೈಸ್ತರಿಗೆ ಇನ್ನು ವಾಗ್ದಾನದ ಭೂಮಿಯೂ ಇಲ್ಲ, ಆಯ್ದ ಜನವೂ ಇಲ್ಲ ಎಂಬ ಅರ್ಥದಲ್ಲಿ ಮಾತಾಡಿದರು. ಆ ಮಾತು ನೆಲದ ಅನ್ಯಾಯವನ್ನು ಎದುರಿಸಲು ಹೋಗಿ ಪೌಲನ 11ನೇ ಅಧ್ಯಾಯವನ್ನೇ ದಾಟಿಹೋಯಿತು.

ಇವೆರಡರ ನಡುವೆ ನಡೆಯಲು ಜಾಗವಿದೆ. ವ್ಯಾಟಿಕನ್‌ನ 1985ರ ಟಿಪ್ಪಣಿಗಳು, ಯೆಹೂದ್ಯರ ನೆಲದ ಭಕ್ತಿಯನ್ನು ಕ್ರೈಸ್ತರು ಅರ್ಥಮಾಡಿಕೊಳ್ಳಬೇಕು, ಇಸ್ರೇಲ್ ರಾಜ್ಯವನ್ನೂ ಅದರ ರಾಜಕೀಯ ನಿಲುವುಗಳನ್ನೂ ಅಂತರರಾಷ್ಟ್ರೀಯ ಕಾನೂನಿನ ಸಾಮಾನ್ಯ ತತ್ವಗಳಿಂದ ಅಳೆಯಬೇಕು ಎಂದವು. ಬೈಬಲೂ ನೆಲವನ್ನು ಷರತ್ತಿಲ್ಲದ ಹಕ್ಕುಪತ್ರವಾಗಿ ಕೊಟ್ಟಿಲ್ಲ. ಯಾಜಕಕಾಂಡ 25:23ರಲ್ಲಿ ದೇವರು ಭೂಮಿ ನನ್ನದು, ನೀವು ಪರದೇಶಿಗಳು ಎನ್ನುತ್ತಾನೆ. ಯೆಹೆಜ್ಕೇಲ 47:22 ನೆಲ ಹಂಚುವಾಗ ನಡುವೆ ವಾಸಿಸುವ ಅನ್ಯರಿಗೂ ಸ್ವಾಸ್ತ್ಯ ಕೊಡಬೇಕೆಂದು ವಿಧಿಸುತ್ತದೆ. ಧರ್ಮೋಪದೇಶಕಾಂಡ 28ನೇ ಅಧ್ಯಾಯ ದೇವರ ಆಜ್ಞೆ ಮೀರಿದ ಜನ ನೆಲದಿಂದ ಕೀಳಲ್ಪಡುತ್ತಾರೆ ಎನ್ನುತ್ತದೆ. ಗಾಜಾದಲ್ಲಿ ಸತ್ತವರ ಲೆಕ್ಕ ಕೇಳಲು ಒಡಂಬಡಿಕೆಯನ್ನು ರದ್ದುಮಾಡಬೇಕಿಲ್ಲ. 2023ರ ಅಕ್ಟೋಬರ್ 7ರ ಕೊಲೆಗಳಿಗೆ ಮರುಗಲು ಯಾವ ಸರ್ಕಾರದ ಯುದ್ಧನೀತಿಯನ್ನೂ ಆಶೀರ್ವದಿಸಬೇಕಿಲ್ಲ. 2024ರ ಫೆಬ್ರವರಿ 2ರಂದು ಪೋಪ್ ಫ್ರಾನ್ಸಿಸ್ ಇಸ್ರೇಲಿನ ಯೆಹೂದ್ಯ ಸಹೋದರ ಸಹೋದರಿಯರಿಗೆ ಬರೆದ ಪತ್ರ, ಯೆಹೂದ್ಯ ದ್ವೇಷ ದೇವರ ವಿರುದ್ಧ ಪಾಪ ಎಂದು ಹೇಳಿತು. ಅದೇ ಫ್ರಾನ್ಸಿಸ್ ಗಾಜಾದ ಕಥೋಲಿಕ ಧರ್ಮಕೇಂದ್ರಕ್ಕೆ ಯುದ್ಧದ ಸಮಯದಲ್ಲಿ ಮತ್ತೆ ಮತ್ತೆ ಫೋನ್ ಮಾಡುತ್ತಿದ್ದರು.

ನಮ್ಮ ಪೀಠಗಳಲ್ಲಿ

ಕರ್ನಾಟಕದಲ್ಲಿ ಯೆಹೂದ್ಯರು ಬೆರಳೆಣಿಕೆಯಷ್ಟು. ಬೆಂಗಳೂರಿನ ಮೈಸೂರು ರಸ್ತೆಯಲ್ಲಿ ಅವರ ಹಳೆಯ ಸ್ಮಶಾನವೊಂದಿದೆ. ಹೆಚ್ಚಿನ ಕನ್ನಡ ಕ್ರೈಸ್ತರು ಜೀವನದಲ್ಲಿ ಒಬ್ಬ ಯೆಹೂದ್ಯನನ್ನೂ ಕಂಡಿರುವುದಿಲ್ಲ, ಆದರೆ ವಾರವಾರವೂ ಅವರ ಬಗ್ಗೆ ಕೇಳುತ್ತಾರೆ. ತಪ್ಪು ಹೇಳಿದರೆ ಎದ್ದುನಿಂತು ಹೌದೇ ಎಂದು ಕೇಳುವವರಿಲ್ಲದ ಕಾರಣ, ಇಲ್ಲಿ ಬೋಧಕರ ಹೊಣೆ ಹೆಚ್ಚು. ತಪ್ಪು ನುಸುಳುವ ಜಾಗಗಳೂ ಗೊತ್ತಿರುವಂಥವೇ.

ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಐದನೇ ಭಾನುವಾರ, ಮೂರು ವರ್ಷಗಳ ಓದಿನ ಚಕ್ರದ ಬಿ ವರ್ಷದಲ್ಲಿ, ಯೆರೆಮೀಯ 31:31-34 ಓದುತ್ತಾರೆ: ಹೊಸ ಒಡಂಬಡಿಕೆಯ ವಾಗ್ದಾನ. ಓದು 34ಕ್ಕೆ ನಿಲ್ಲುತ್ತದೆ. 31ನೇ ವಚನದಲ್ಲೇ ಈ ಹೊಸ ಒಡಂಬಡಿಕೆ ಇಸ್ರಾಯೇಲ್ ಮನೆತನದೊಂದಿಗೂ ಯೆಹೂದ ಮನೆತನದೊಂದಿಗೂ ಎಂದಿದೆ. 35ರಿಂದ 37ರವರೆಗೆ ಸೂರ್ಯ, ಚಂದ್ರ, ನಕ್ಷತ್ರಗಳ ಕಟ್ಟಳೆ ತಪ್ಪಿದರೆ ಮಾತ್ರ ಇಸ್ರಾಯೇಲ್ ಜನಾಂಗವಾಗಿ ಇಲ್ಲವಾಗುತ್ತದೆ ಎಂದಿದೆ. ಈ ಮೂರು ವಚನ ಸೇರಿಸಿ ಓದಲು ಒಂದು ನಿಮಿಷವೂ ಬೇಕಿಲ್ಲ. ಓದದಿದ್ದರೆ ಹೊಸದು ಬಂತು, ಹಳಬರು ಹೋದರು ಎಂಬ ಅರ್ಥ ತಾನಾಗಿಯೇ ಕೂರುತ್ತದೆ.

ಇಬ್ರಿಯರಿಗೆ 8:13 ಮೊದಲನೆಯದು ಹಳತಾಯಿತು, ಅಳಿಯಲು ಸಮೀಪಿಸಿದೆ ಎನ್ನುತ್ತದೆ. ಆ ವಚನವನ್ನು ಮುಚ್ಚಿಡಬಾರದು. ಆದರೆ 7ರಿಂದ 10ನೇ ಅಧ್ಯಾಯಗಳ ಮಾತೆಲ್ಲ ಯಾಜಕತ್ವ, ಗುಡಾರ, ಬಲಿ ಇವುಗಳ ಬಗ್ಗೆ. ಯೆಹೂದ್ಯ ಜನಾಂಗವನ್ನು ದೇವರು ಬಿಟ್ಟನೇ ಎಂಬ ಪ್ರಶ್ನೆಯನ್ನು ಆ ಪತ್ರಿಕೆ ಎತ್ತುವುದೇ ಇಲ್ಲ. ಅದನ್ನು ಎತ್ತಿ ಉತ್ತರಿಸಿದ್ದು ರೋಮಾಪುರದವರಿಗೆ 11. ಪ್ರಶ್ನೆ ಕೇಳಿದ ಅಧ್ಯಾಯದಿಂದ ಉತ್ತರ ತೆಗೆಯಬೇಕು. ಮತ್ತಾಯ 21ರ ದ್ರಾಕ್ಷೇತೋಟದ ಸಾಮ್ಯವೂ ಹಾಗೆಯೇ. ರಾಜ್ಯ ನಿಮ್ಮಿಂದ ತೆಗೆಯಲ್ಪಡುವುದು ಎಂಬ 43ನೇ ವಚನ ಎಲ್ಲರಿಗೂ ಬಾಯಿಪಾಠ. ಇದು ತಮ್ಮನ್ನೇ ಕುರಿತು ಹೇಳಿದ್ದೆಂದು ಮಹಾಯಾಜಕರೂ ಫರಿಸಾಯರೂ ತಿಳಿದುಕೊಂಡರು ಎಂಬ 45ನೇ ವಚನವನ್ನು ಓದದೆ ಬಿಡುತ್ತೇವೆ. ತೋಟಕ್ಕೆ ಅಲ್ಲಿ ಏನೂ ಆಗಿಲ್ಲ, ಗೇಣಿದಾರರು ಬದಲಾದರು.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಪವಿತ್ರ ವಾರದಲ್ಲಿ. ಎ ವರ್ಷದ ಗರಿಗಳ ಭಾನುವಾರ ಮತ್ತಾಯನ ಯಾತನೆಯ ವೃತ್ತಾಂತ ಓದುವಾಗ, ಅನೇಕ ಚರ್ಚುಗಳಲ್ಲಿ ಗುಂಪಿನ ಮಾತುಗಳನ್ನು ಸಭಿಕರೇ ಹೇಳುತ್ತಾರೆ. ಅವನ ರಕ್ತ ನಮ್ಮ ಮೇಲೂ ನಮ್ಮ ಮಕ್ಕಳ ಮೇಲೂ ಇರಲಿ ಎಂಬ 27:25 ಅದರಲ್ಲಿ ಸೇರಿದೆ. ಶುಭ ಶುಕ್ರವಾರ ಓದುವುದು ಯೊವಾನ್ನನ ವೃತ್ತಾಂತ, ಅಲ್ಲಿ ‘ಯೆಹೂದ್ಯರು’ ಎಂಬ ಹೆಸರು ಮತ್ತೆ ಮತ್ತೆ ಬರುತ್ತದೆ. ಓದಿಗೆ ಮುಂಚೆ ಗುರುಗಳು ಎರಡೇ ವಾಕ್ಯ ಹೇಳಿದರೂ ಸಾಕು: ಈ ಕತೆಯಲ್ಲಿ ಯೇಸು, ಅವನ ತಾಯಿ, ಶಿಲುಬೆಯ ಬಳಿ ನಿಂತ ಹೆಂಗಸರು, ಶಿಷ್ಯರು ಎಲ್ಲರೂ ಯೆಹೂದ್ಯರೇ, ಮರಣದಂಡನೆ ವಿಧಿಸಿದವನು ರೋಮಿನ ಅಧಿಪತಿ. ಅದಾದ ಮೇಲೆ ಅದೇ ಆರಾಧನೆಯಲ್ಲಿ ಆರನೇ ವಿಜ್ಞಾಪನೆ ಬಂದಾಗ, ಜನ ಮೊಣಕಾಲೂರಿ ಯಾರಿಗಾಗಿ ಪ್ರಾರ್ಥಿಸುತ್ತಿದ್ದಾರೆ ಎಂಬುದು ಅವರಿಗೆ ತಿಳಿದಿರುತ್ತದೆ.